ಮಗ್ಗಕ್ಕೆ ಮೋಟಾರು ಹಾಕಿದರೆ ಕೇಸ್ ಆಗುತ್ತಾ?

ಪ್ರಶ್ನೆ: ಸರ್, ನಮ್ಮದು ಕುಷ್ಟಗಿ ತಾಲ್ಲೂಕಿನ ದೋಟಿಹಾಳದ ಹತ್ತಿರದ ಊರು. ಮನೆಯಲ್ಲಿ ಎರಡು ಕುಣಿಮಗ್ಗ (ನೆಲದ ಕುಣಿಯಲ್ಲಿ ಕಾಲಿಟ್ಟು ತುಳಿದು ನೇಯುವ ಕೈಮಗ್ಗ) ಇವೆ. ಅಪ್ಪ ಇಳಕಲ್ ಸೀರೆ ನೇಯುತ್ತಾರೆ. ಅವ್ವ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿ, ಸೆರಗು ಸೇರಿಸುವ ಕೊಂಡಿ ಹಾಕಿ ಕೊಡುತ್ತಾಳೆ. ಚಿಕ್ಕಪ್ಪ ನೇಯುವುದು ಬಿಟ್ಟ ಮೇಲೆ ಎರಡನೇ ಮಗ್ಗ ಖಾಲಿ ಬಿದ್ದಿದೆ. ನಾನು ಬಿ.ಕಾಂ. ಮುಗಿಸಿ ಕೊಪ್ಪಳದಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದೇನೆ. ಎರಡೂ ಮಗ್ಗ ಕಿತ್ತು, ಬನಹಟ್ಟಿ ಕಡೆಯಿಂದ ಎರಡು ಹಳೇ ಪವರ್‌ಲೂಮ್ (ವಿದ್ಯುತ್ ಮಗ್ಗ) ತರೋಣ ಅಂತ ಅಣ್ಣ ಹಟ ಹಿಡಿದಿದ್ದಾನೆ. ಅಪ್ಪ ಒಪ್ಪುತ್ತಿಲ್ಲ. 'ಸೀರೆ ಕೈಮಗ್ಗಕ್ಕ ಮೀಸಲು ಅಂತ ಸರ್ಕಾರದ ಕಾಯ್ದೆ ಐತಿ, ಕೇಸ್ ಹಾಕ್ತಾರ' ಅನ್ನುತ್ತಾರೆ. 'ಊರ ತುಂಬ ಪವರ್‌ಲೂಮ್ ಓಡ್ತಾವ, ಯಾರಿಗೆ ಕೇಸ್ ಆಗೇತಿ?' ಅಂತ ಅಣ್ಣ ತಿರುಗಿ ಕೇಳುತ್ತಾನೆ. ಈ ನಡುವೆ ಒಬ್ಬ ಫಿಟ್ಟರ್ ಬಂದು, ಇದ್ದ ಮಗ್ಗಕ್ಕೇ ಅರ್ಧ ಎಚ್‌ಪಿ ಮೋಟಾರು ಕೂರಿಸಿ ಕೊಡ್ತೀನಿ, ಆಮೇಲೂ ಅದು ಕೈಮಗ್ಗ ಅಂತಲೇ ಲೆಕ್ಕ ಅಂದುಹೋಗಿದ್ದಾನೆ. ಸರ್ಕಾರ ಒಂದ್ಸಲ ಗಟ್ಟಿಯಾಗಿ ಪವರ್‌ಲೂಮ್ ನಿಲ್ಲಿಸಿದರೆ ನಮಗೆ ಮೊದಲಿನ ಕೆಲಸ ವಾಪಸ್ ಬರುತ್ತೆ ಅನ್ನುವುದು ಅಪ್ಪನ ನಂಬಿಕೆ. ಇದರಲ್ಲಿ ಯಾವುದು ನಿಜ? ನಾವೇನು ಮಾಡಬೇಕು?
(ಹೆಸರು ಬೇಡ ಎಂದವರು, ಕೊಪ್ಪಳ ಜಿಲ್ಲೆ)

ಉತ್ತರ: ಈ ಜಗಳ ನಿಮ್ಮ ಮನೆಯದ್ದು ಮಾತ್ರ ಅಲ್ಲ. ಭಾಗ್ಯನಗರ, ಹನುಮಸಾಗರ ಕಡೆಯ ಎಷ್ಟೋ ನೇಕಾರರ ಮನೆಯಲ್ಲಿ ಇದೇ ಮಾತು ನಡೆದಿದೆ. ನಿಮ್ಮ ಅಪ್ಪನಿಗೆ ಕಾಯ್ದೆ ಕಾಪಾಡುತ್ತೆ ಅನ್ನುವ ಭರವಸೆ. ಅಣ್ಣನಿಗೆ ಕಾಯ್ದೆ ಬರೀ ಕಾಗದ ಅನ್ನುವ ಧೈರ್ಯ. ಇಬ್ಬರೂ ಅರ್ಧ ಸರಿ. ಆ ಅರ್ಧ ಯಾವುದು ಅಂತ ಗೊತ್ತಾಗದೆ ಮಗ್ಗ ಕೀಳುವುದಾಗಲಿ, ಸಾಲ ಮಾಡುವುದಾಗಲಿ ಬೇಡ.

ಮೊದಲು ಕೇಸಿನ ಮಾತು ಮುಗಿಸೋಣ.

ಅಪ್ಪ ಹೇಳುವ ಕಾಯ್ದೆ ನಿಜವಾಗಿಯೂ ಇದೆ. 1985ರ ಕೈಮಗ್ಗ ಮೀಸಲಾತಿ ಕಾಯ್ದೆ ಅಂತ ಅದನ್ನು ಕರೆಯುತ್ತೇವೆ. ಕೆಲವು ಬಗೆಯ ಬಟ್ಟೆಯನ್ನು ಕೈಮಗ್ಗದಲ್ಲಿ ಮಾತ್ರ ನೇಯಬೇಕು, ವಿದ್ಯುತ್ ಮಗ್ಗದಲ್ಲೂ ಮಿಲ್ಲಿನಲ್ಲೂ ನೇಯಬಾರದು ಅನ್ನುವುದು ಅದರ ತಿರುಳು. ಶುರುವಿನಲ್ಲಿ ಪಟ್ಟಿಯಲ್ಲಿ 22 ಬಗೆ ಇದ್ದವು. ಮಿಲ್ಲಿನವರು, ಪವರ್‌ಲೂಮಿನವರು ಕೋರ್ಟಿಗೆ ಹೋದರು. 1993ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಆದರೆ 1996ರಲ್ಲಿ ಸರ್ಕಾರವೇ ಪಟ್ಟಿಯನ್ನು 11ಕ್ಕೆ ಇಳಿಸಿತು. ಸೀರೆ, ಧೋತರ, ಟವೆಲ್, ಲುಂಗಿ, ಹಾಸಿಗೆ ಹೊದಿಕೆ, ಜಮಖಾನ, ಡ್ರೆಸ್ ಬಟ್ಟೆ, ಕಂಬಳಿ, ಶಾಲು ಇತ್ಯಾದಿ ಇನ್ನೂ ಅದರಲ್ಲಿವೆ.

ಇಲ್ಲಿ ಜನ ತಪ್ಪು ತಿಳಿಯುವುದು ಒಂದಿದೆ. ಪಟ್ಟಿಯಲ್ಲಿ 'ಸೀರೆ' ಅಂತ ಇದೆ ಅಂದ ಮಾತ್ರಕ್ಕೆ ಎಲ್ಲ ಸೀರೆಯೂ ಮೀಸಲು ಅಲ್ಲ. ಯಾವ ನೂಲು, ಅಂಚು ಹೇಗಿದೆ, ಒಡಲಿನಲ್ಲೋ ಸೆರಗಿನಲ್ಲೋ ಹೆಚ್ಚುವರಿ ಎಳೆ ಹಾಕಿ ತೆಗೆದ ಡಿಸೈನ್ ಇದೆಯೋ ಇಲ್ಲವೋ ಅಂತ ಆದೇಶದಲ್ಲಿ ಬಿಡಿಸಿ ಬರೆದಿದ್ದಾರೆ. ಹತ್ತಿ, ರೇಷ್ಮೆಯ, ಅಂಚು-ಸೆರಗಿನ ಸೀರೆಗಳೇ ಅದರ ಮುಖ್ಯ ಗುರಿ. ಪೂರ್ತಿ ಪಾಲಿಯೆಸ್ಟರ್ ನೂಲಿನ ಸೀರೆ ಯಾರು ಬೇಕಾದರೂ ಯಾವ ಮಗ್ಗದಲ್ಲಿ ಬೇಕಾದರೂ ನೇಯಬಹುದು. ನೋಡುವವರಿಗೆ ಎರಡು ಸೀರೆ ಒಂದೇ ಥರ ಕಾಣುತ್ತವೆ. ನೂಲಿನ ಬೆರಕೆ ಬದಲಾದರೆ ಒಂದು ಕಾಯ್ದೆಯ ಒಳಗೆ, ಇನ್ನೊಂದು ಹೊರಗೆ. ಪವರ್‌ಲೂಮ್ ಮಾಲೀಕರು ಈ ಸಂದಿಯನ್ನು ಚೆನ್ನಾಗಿ ಬಲ್ಲರು. ನೇಕಾರರಿಗೆ ಮಾತ್ರ ಯಾರೂ ಹೇಳಿಕೊಟ್ಟಿಲ್ಲ.

ಮೀರಿದರೆ ಶಿಕ್ಷೆ ಏನು? 1985ರ ಕಾಯ್ದೆಯಲ್ಲಿ ಬರೆದದ್ದು ಆರು ತಿಂಗಳವರೆಗೆ ಜೈಲು, ಇಲ್ಲವೇ ಮಗ್ಗಕ್ಕೆ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆಮೇಲೂ ಮುಂದುವರಿಸಿದರೆ ದಿನಕ್ಕೆ 500 ರೂಪಾಯಿವರೆಗೆ ಹೆಚ್ಚುವರಿ ದಂಡ. 1985ರಲ್ಲಿ 5,000 ರೂಪಾಯಿ ದೊಡ್ಡ ಮೊತ್ತ. ಈಗ ಒಂದು ಶೆಡ್ ಇಟ್ಟವನಿಗೆ ಅದು ಲೆಕ್ಕಕ್ಕೇ ಇಲ್ಲ. ದಂಡ ಕಟ್ಟಿ ನೇಯುವುದೇ ಲಾಭ ಅನ್ನುವ ಹಾಗಾಗಿದೆ. ತಪಾಸಣೆ ಮಾಡುವ ಸಿಬ್ಬಂದಿ ಕಡಿಮೆ. ಮಗ್ಗದ ಮೇಲೆ ಮೀಸಲು ಬಟ್ಟೆ ಇರುವಾಗಲೇ ಹೋಗಿ ಮಾದರಿ ತೆಗೆಯಬೇಕು, ನೂಲು ಪರೀಕ್ಷೆ ಆಗಬೇಕು, ಆಮೇಲೆ ಕೋರ್ಟು. ಜೀಪು ಬರುವ ಸುದ್ದಿ ಜೀಪಿಗಿಂತ ಮೊದಲು ಊರು ಸೇರುತ್ತೆ. ಹಾಗಾಗಿ 'ಯಾರಿಗೆ ಕೇಸ್ ಆಗೇತಿ' ಅನ್ನುವ ನಿಮ್ಮಣ್ಣನ ಮಾತನ್ನು ಪೂರ್ತಿ ಸುಳ್ಳು ಅನ್ನಲಾರೆ.

ಆದರೆ ಕೇಸ್ ಆದಾಗ ಯಾರ ಮೇಲೆ ಆಗುತ್ತೆ ಅನ್ನುವುದನ್ನು ಅವನು ಯೋಚಿಸಿಲ್ಲ. ನಾನು ನೋಡಿದ ಮಟ್ಟಿಗೆ, ಅದು ಎರಡು ಮಗ್ಗ, ನಾಲ್ಕು ಮಗ್ಗ ಇಟ್ಟ ಸಣ್ಣವರ ಮೇಲೆ ಬೀಳುವುದೇ ಜಾಸ್ತಿ. ನೂಲು ಕೊಟ್ಟು, ಡಿಸೈನ್ ಕೊಟ್ಟು, ಸೀರೆ ಹೊತ್ತುಕೊಂಡು ಹೋದ ಸಾವ್ಕಾರರ ಹೆಸರು ಕಾಗದದಲ್ಲಿ ಎಲ್ಲೂ ಇರುವುದಿಲ್ಲ. ಮಗ್ಗ ನಿಮ್ಮ ಮನೆಯಲ್ಲಿದ್ದರೆ ಹೆಸರು ನಿಮ್ಮದೇ.

ಇನ್ನು ಆ ಫಿಟ್ಟರ್ ಮಾತು. ಅದು ತಪ್ಪು. ಕಾಯ್ದೆಯ ಪ್ರಕಾರ ವಿದ್ಯುತ್ ಮಗ್ಗ ಅಲ್ಲದ ಮಗ್ಗವೆಲ್ಲ ಕೈಮಗ್ಗ. ವಿದ್ಯುತ್ ಮಗ್ಗ ಅಂದರೆ ಯಾವುದು ಅನ್ನುವುದಕ್ಕೆ 1948ರ ಕಾರ್ಖಾನೆ ಕಾಯ್ದೆಯ 'ಪವರ್' ಅನ್ನುವುದರ ಅರ್ಥವನ್ನೇ ಎತ್ತಿಕೊಂಡಿದ್ದಾರೆ. ಅಂದರೆ ಮನುಷ್ಯರ ಅಥವಾ ದನದ ಬಲದಿಂದಲ್ಲದೆ, ಕರೆಂಟ್ ಅಥವಾ ಬೇರೆ ಶಕ್ತಿಯಿಂದ ಓಡುವುದು. ಅರ್ಧ ಎಚ್‌ಪಿ ಆದರೇನು, ಕಾಲು ಎಚ್‌ಪಿ ಆದರೇನು, ಮೋಟಾರು ಮಗ್ಗ ಓಡಿಸಿತು ಅಂದರೆ ಅದು ವಿದ್ಯುತ್ ಮಗ್ಗ. ಇದನ್ನು ಸಡಿಲಿಸಬೇಕು, ನೇಯ್ಗೆಯ ಯಾವುದೋ ಒಂದು ಹಂತದಲ್ಲಿ ಕೈ ಹಾಕಿದರೂ ಕೈಮಗ್ಗ ಅಂತ ಒಪ್ಪಬೇಕು ಅನ್ನುವ ಪ್ರಸ್ತಾಪ 2012-13ರ ಸುಮಾರಿಗೆ ದಿಲ್ಲಿಯಲ್ಲಿ ಬಂದಿತ್ತು. ನೇಕಾರ ಸಂಘಟನೆಗಳು ಜೋರಾಗಿ ವಿರೋಧಿಸಿದವು. ಕೈಮಗ್ಗದ ಪರ ನಮ್ಮ ಕರ್ನಾಟಕದಲ್ಲಿ ರಂಗಕರ್ಮಿ ಪ್ರಸನ್ನ ಪಾದಯಾತ್ರೆ, ಸತ್ಯಾಗ್ರಹ ಮಾಡಿದ್ದು ನಿಮಗೆ ನೆನಪಿರಬಹುದು. ನಿಮ್ಮ ಫಿಟ್ಟರ್ ಆ ಪ್ರಸ್ತಾಪವನ್ನೇ ಕಾನೂನು ಅಂದುಕೊಂಡಿರಬೇಕು. ಅದೂ ಅಲ್ಲದೆ ಕುಣಿಮಗ್ಗಕ್ಕೆ ಮೋಟಾರು ಕೂರಿಸುವುದು ತಾಂತ್ರಿಕವಾಗಿಯೂ ವ್ಯರ್ಥ. ಅದರ ಚೌಕಟ್ಟು ಮನುಷ್ಯನ ಕಾಲಿನ ತುಳಿತಕ್ಕೆ ಅಂತ ಮಾಡಿದ್ದು. ಮೋಟಾರಿನ ಹೊಡೆತಕ್ಕೆ ನಾಲ್ಕು ತಿಂಗಳಲ್ಲಿ ಕೀಲು ಸಡಿಲ ಆಗಿ ಅತ್ತ ಕೈಮಗ್ಗವೂ ಇಲ್ಲ, ಇತ್ತ ಪವರ್‌ಲೂಮೂ ಇಲ್ಲ ಅನ್ನುವ ಸ್ಥಿತಿ ಬರುತ್ತೆ.

ಅವ್ವನ ಕಂಡಿಕೆ ರಾಟೆಗೆ ಮೋಟಾರು ಹಾಕಬಹುದು. ಹಾಸು (ಉದ್ದದ ಎಳೆ) ಹಾಕುವ ಕೆಲಸಕ್ಕೂ ಯಂತ್ರ ಬಳಸಬಹುದು. ಇವು ಮಗ್ಗ ಅಲ್ಲ, ಮಗ್ಗಕ್ಕೆ ಮುಂಚಿನ ಕೆಲಸ. ಕಾಯ್ದೆ ಅಲ್ಲಿಗೆ ಬರುವುದಿಲ್ಲ. ಡಿಸೈನ್ ತೆಗೆಯಲು ಎಳೆ ಎತ್ತುವ ಸಾಧನವಾದ ಜಕಾರ್ಡ್ ಎತ್ತುವುದಕ್ಕೆ ಮಾತ್ರ ಮೋಟಾರು ಅಥವಾ ಗಾಳಿ ಒತ್ತಡದ ಸಾಧನ ಹಾಕುವವರಿದ್ದಾರೆ. ಅಲ್ಲಿ ಗೆರೆ ಸ್ವಲ್ಪ ಮಸುಕು. ಲಾಳಿ ಹೊಡೆಯುವುದು, ಹೊಕ್ಕು (ಅಡ್ಡ ಎಳೆ) ಬಡಿಯುವುದು ಕೈಯಲ್ಲೇ ಇರಬೇಕು. ಹಾಕುವ ಮುಂಚೆ ಇಲಾಖೆಯಲ್ಲಿ ಕೇಳಿಕೊಳ್ಳಿ.

ಈಗ ಅಪ್ಪನ ನಂಬಿಕೆಗೆ ಬರೋಣ. ಪವರ್‌ಲೂಮ್ ನಿಲ್ಲಿಸಿದರೆ ಕೆಲಸ ವಾಪಸ್ ಬರುತ್ತಾ? ಇದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ಇಂಥ ಪ್ರಯೋಗ ನಮ್ಮ ದೇಶದಲ್ಲಿ ಬಹಳ ದಿನ ನಡೆದಿದೆ.

1950ರಲ್ಲೇ ಕೆಲವು ಬಟ್ಟೆ ಮಿಲ್ಲಿನಲ್ಲಿ ನೇಯಬಾರದು ಅಂತ ಆದೇಶ ಬಂತು. 1952ರಲ್ಲಿ ಮದ್ರಾಸ್ ರಾಜ್ಯದ ಮುಖ್ಯಮಂತ್ರಿಯಾದ ರಾಜಾಜಿ ಧೋತರ, ಸೀರೆ ಪೂರ್ತಿ ಕೈಮಗ್ಗಕ್ಕೇ ಬಿಡಿ ಅಂತ ಪಟ್ಟು ಹಿಡಿದಿದ್ದರು. ಆ ಹೊತ್ತಿಗೆ ಬಳ್ಳಾರಿ ಮದ್ರಾಸಿನಲ್ಲೇ ಇತ್ತು, ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್‌ನಲ್ಲಿ. ನಿಮ್ಮ ಕೊಪ್ಪಳ ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯ ಒಂದು ಭಾಗ. ರಾಜಾಜಿ ಕೇಳಿದ್ದೆಲ್ಲ ಸಿಗಲಿಲ್ಲ. 1952ರ ಕೊನೆಯಲ್ಲಿ ಮಿಲ್ಲುಗಳು ಮೊದಲು ನೇಯುತ್ತಿದ್ದ ಧೋತರದಲ್ಲಿ ನೂರಕ್ಕೆ 60 ಪಾಲು ಮಾತ್ರ ನೇಯಬೇಕು ಅಂತ ಮಿತಿ ಹಾಕಿದರು. 1953ರಲ್ಲಿ ಮಿಲ್ ಬಟ್ಟೆಯ ಮೇಲೆ ಹೆಚ್ಚುವರಿ ಸುಂಕ ಹಾಕಿ, ಆ ದುಡ್ಡನ್ನು ಖಾದಿ, ಕೈಮಗ್ಗಕ್ಕೆ ಕೊಡುವ ಕಾಯ್ದೆ ಬಂತು. 1955ರಲ್ಲಿ ಗ್ರಾಮ, ಸಣ್ಣ ಕೈಗಾರಿಕೆಗಳ ಬಗ್ಗೆ ನೇಮಿಸಿದ್ದ ಕರ್ವೆ ಸಮಿತಿ, ಮಿಲ್ಲುಗಳಲ್ಲಿ ಇನ್ನು ಮಗ್ಗ ಹೆಚ್ಚಿಸುವುದು ಬೇಡ ಅಂದಿತು. ಸರ್ಕಾರ ಹಾಗೇ ನಡೆಯಿತು.

ಆದದ್ದೇನು? ಮಿಲ್ಲಿನ ಕೈ ಕಟ್ಟಿದರು, ಸರಿ. ಆದರೆ ಬಟ್ಟೆ ಕೊಳ್ಳುವ ಜನ ಹೆಚ್ಚುತ್ತಲೇ ಹೋದರು. ಆ ಜಾಗಕ್ಕೆ ಕೈಮಗ್ಗ ಬರಲಿಲ್ಲ, ಪವರ್‌ಲೂಮ್ ಬಂತು. ಭಿವಂಡಿ, ಇಚಲಕರಂಜಿ, ಮಾಲೆಗಾಂವ್, ಸೂರತ್ ಬೆಳೆದವು. ನಮ್ಮಲ್ಲಿ ರಬಕವಿ-ಬನಹಟ್ಟಿ, ದೊಡ್ಡಬಳ್ಳಾಪುರ, ಬೆಳಗಾವಿ. ಮಿಲ್ಲಿಗೆ ಹಾಕಿದ ಸುಂಕ, ಮಿತಿ, ಕಾರ್ಮಿಕ ಕಾನೂನು ಯಾವುದೂ ಈ ಸಣ್ಣ ಶೆಡ್‌ಗಳಿಗೆ ತಟ್ಟಲಿಲ್ಲ. ಒಂದು ಪವರ್‌ಲೂಮ್ ಆರು ಕೈಮಗ್ಗಗಳ ಕೆಲಸ ಕಿತ್ತುಕೊಳ್ಳುತ್ತೆ ಅಂತ 1974ರಲ್ಲಿ ಶಿವರಾಮನ್ ಸಮಿತಿ ಎಚ್ಚರಿಸಿತು. ಆ ಎಚ್ಚರಿಕೆಯ ಫಲವೇ 1985ರ ಕಾಯ್ದೆ ಅನ್ನಬಹುದು. ಆದರೆ ಅಷ್ಟರಲ್ಲಿ ಪವರ್‌ಲೂಮಿನಲ್ಲೂ ಲಕ್ಷಗಟ್ಟಲೆ ಬಡವರೇ ದುಡಿಯುತ್ತಿದ್ದರು. ಅವರಲ್ಲಿ ಬಹಳಷ್ಟು ಜನ ಕೈಮಗ್ಗದ ಮನೆಯಿಂದಲೇ ಬಂದವರು. ಬಡವರ ಕೆಲಸ ಉಳಿಸಲು ಬಡವರ ಶೆಡ್ಡಿಗೆ ಬೀಗ ಹಾಕುವ ಧೈರ್ಯ ಯಾವ ಪಕ್ಷದ ಸರ್ಕಾರಕ್ಕೂ ಬರಲಿಲ್ಲ. ಬರುತ್ತೆ ಅಂತ ಕಾಯಬೇಡಿ. ಈಗ ನಮ್ಮ ರಾಜ್ಯ ಸರ್ಕಾರವೇ 10 ಎಚ್‌ಪಿವರೆಗಿನ ಮಗ್ಗಗಳಿಗೆ ಮಿತಿಯೊಳಗೆ ಉಚಿತ ಕರೆಂಟ್ ಕೊಡುತ್ತಿದೆ. ಒಂದು ಕೈ ಮೀಸಲಾತಿ ಹಿಡಿದಿದೆ, ಇನ್ನೊಂದು ಕೈ ಕರೆಂಟ್ ಕೊಡುತ್ತಿದೆ. ಇದನ್ನು ನಾನು ತಪ್ಪು ಅನ್ನುತ್ತಿಲ್ಲ. ಎರಡೂ ಕಡೆ ಇರುವವರು ನೇಕಾರರೇ.

ಯಂತ್ರಕ್ಕೆ ತಡೆ ಹಾಕಿದರೆ ಏನಾಗುತ್ತೆ ಅಂತ ನೋಡಲು ಬಟ್ಟೆಯ ಆಚೆಗೂ ಒಂದು ಉದಾಹರಣೆ ನಮ್ಮ ಭಾಗದಲ್ಲೇ ಇದೆ. ಗಂಗಾವತಿ, ಕಾರಟಗಿ, ಸಿಂಧನೂರಿನ ರೈಸ್ ಮಿಲ್ಲುಗಳು. 1958ರಲ್ಲಿ ಕೇಂದ್ರ ಸರ್ಕಾರ ರೈಸ್ ಮಿಲ್ ನಿಯಂತ್ರಣ ಕಾಯ್ದೆ ತಂದಿತು. ಹೊಸ ಮಿಲ್ಲಿಗೆ ಪರವಾನಗಿ ಕೊಡುವ ಮುಂಚೆ, ಇದರಿಂದ ಆ ಭಾಗದಲ್ಲಿ ಜನ ದೊಡ್ಡ ಪ್ರಮಾಣದಲ್ಲಿ ಕೆಲಸ ಕಳೆದುಕೊಳ್ಳುತ್ತಾರಾ ಅಂತ ನೋಡಬೇಕು ಅಂತ ಕಾಯ್ದೆಯಲ್ಲೇ ಬರೆದಿತ್ತು. ಕೆಲಸ ಅಂದರೆ ಭತ್ತ ಕುಟ್ಟುವ ಕೆಲಸ. ಒನಕೆ ಹಿಡಿದು ಕೂಲಿಗೆ ಕುಟ್ಟುತ್ತಿದ್ದ ಹೆಂಗಸರ ಕೆಲಸ. ಆ ಕಾಯ್ದೆ 1997ರಲ್ಲಿ ರದ್ದಾಯಿತು. ಅಂದರೆ ಸುಮಾರು 40 ವರ್ಷ ಜಾರಿಯಲ್ಲಿತ್ತು. ಅದೇ 40 ವರ್ಷದಲ್ಲಿ ತುಂಗಭದ್ರಾ ಎಡದಂಡೆಯ ನೀರು ಬಂದು, ಭತ್ತ ಬೆಳೆದು, ಗಂಗಾವತಿ ಅಕ್ಕಿಯ ಊರಾಯಿತು. ಒನಕೆ ಮದುವೆ ಶಾಸ್ತ್ರಕ್ಕೆ ಉಳಿಯಿತು. ಕಾಯ್ದೆ ಮುರಿದು ಒನಕೆ ಹೋಗಲಿಲ್ಲ, ಕಾಯ್ದೆ ಇದ್ದಾಗಲೇ ಹೋಯಿತು. ಜನ ಬಿಳಿ ಅಕ್ಕಿ ಬೇಕು ಅಂದರು, ಕಾಲುವೆಯ ಭತ್ತದ ರಾಶಿ ಕುಟ್ಟಿ ಮುಗಿಯುವಂಥದ್ದಲ್ಲ. ಮತ್ತೆ, ಭತ್ತ ಕುಟ್ಟಿದವರನ್ನು ಕೇಳಿದರೆ ಆ ಕೆಲಸ ವಾಪಸ್ ಬೇಕು ಅನ್ನುವವರು ಸಿಗುವುದು ಕಷ್ಟ. ಅವರಿಗೆ ಬೇಕಾಗಿದ್ದದ್ದು ಆ ಕೂಲಿ.

ಇನ್ನೂ ಹತ್ತಿರದ್ದು ಕಂಬಳಿ. ಕಂಬಳಿ ಈಗಲೂ ಮೀಸಲು ಪಟ್ಟಿಯಲ್ಲಿದೆ. ಕಾಗದದ ಮೇಲೆ ಅದಕ್ಕಿಂತ ಭದ್ರವಾದ ಕಸುಬು ಬೇರೆ ಇಲ್ಲ. ಆದರೆ ಸಂತೆಯಲ್ಲಿ ನೋಡಿ. ಕುರುಬರು ನೇಯ್ದ ಕರಿ ಕಂಬಳಿ ಎಷ್ಟು, ಪಾಣಿಪತ್ ಕಡೆಯಿಂದ ಬಂದ ಮೆತ್ತನೆ ಪಾಲಿಯೆಸ್ಟರ್ ಹೊದಿಕೆ ಎಷ್ಟು? ಪಾಲಿಯೆಸ್ಟರ್ ಹೊದಿಕೆ ಮೀಸಲಾತಿಗೆ ಬರುವುದೇ ಇಲ್ಲ. ಕಂಬಳಿಯ ಕೆಲಸವನ್ನು ಅದೇ ಬಟ್ಟೆ ನೇಯುವ ಯಂತ್ರ ಕಿತ್ತುಕೊಳ್ಳಲಿಲ್ಲ, ಪೂರ್ತಿ ಬೇರೆ ವಸ್ತು ಕಿತ್ತುಕೊಂಡಿತು. ನಿಮ್ಮ ಸೀರೆಗೂ ಇದೇ ಮಾತು. ನಾಳೆ ನಿಮ್ಮ ತಾಲ್ಲೂಕಿನ ಎಲ್ಲ ಪವರ್‌ಲೂಮ್ ನಿಂತವು ಅಂತಲೇ ಇಟ್ಟುಕೊಳ್ಳಿ. ಈಗ ಅಲ್ಲಿನ ಅಗ್ಗದ ಸೀರೆ ಉಡುವ ಹೆಣ್ಣುಮಗಳು ಕೈಮಗ್ಗದ ಸೀರೆ ಕೊಳ್ಳಲು ಬರುತ್ತಾಳಾ? ಬರುವುದಿಲ್ಲ. ಸೂರತ್ತಿನ ಪ್ರಿಂಟ್ ಸೀರೆ ತಗೊಂಡು ಹೋಗುತ್ತಾಳೆ. ಅದು ಮೀಸಲು ಅಲ್ಲ, ಕೈಗೂ ಎಟುಕುತ್ತೆ, ಒಗೆದರೆ ಬೇಗ ಒಣಗುತ್ತೆ.

ಬಳ್ಳಾರಿಯ ಜೀನ್ಸ್ ಕಸುಬಿನ ಹಿಂದೆಯೂ ಒಂದು ಸರ್ಕಾರಿ ಮಿತಿ ಇತ್ತು. ಸಿದ್ಧ ಉಡುಪು 2000ದವರೆಗೆ ಸಣ್ಣ ಕೈಗಾರಿಕೆಗೆ ಮೀಸಲು. ಆದರೆ ಆ ಮಿತಿ ಬಂಡವಾಳದ ಮೇಲೆ ಇತ್ತು, ಯಂತ್ರದ ಮೇಲೆ ಅಲ್ಲ. ಕರೆಂಟಿನ ಹೊಲಿಗೆ ಯಂತ್ರಕ್ಕೆ ಯಾರೂ ಅಡ್ಡಿ ಮಾಡಲಿಲ್ಲ. ಬಂಡವಾಳದ ಮಿತಿ, ಯಂತ್ರದ ಮಿತಿ ಎರಡೂ ಒಂದೇ ಅಂತ ವಾದಿಸುವವರು ಇದ್ದಾರೆ, ಅದಕ್ಕೆ ಹೇಳಿದೆ.

ಹಾಗಾದರೆ ಮೀಸಲಾತಿ ವ್ಯರ್ಥವಾ? ನಾನು ಹಾಗೆ ಹೇಳುವುದಿಲ್ಲ. ತೆಗೆದುಹಾಕಿ ಅನ್ನುವವರ ಜೊತೆ ನಾನಿಲ್ಲ. ಈ ಕಾಯ್ದೆ ಇರುವುದರಿಂದಲೇ ಕೈಮಗ್ಗ ಅಂದರೆ ಏನು ಅನ್ನುವುದಕ್ಕೆ ಕಾನೂನಿನಲ್ಲಿ ಒಂದು ಗೆರೆ ಇದೆ. ಆ ಗೆರೆಯ ಮೇಲೆ ಕೈಮಗ್ಗದ ಮುದ್ರೆ, ಸಾಲದ ರಿಯಾಯಿತಿ, ಸರ್ಕಾರಿ ಖರೀದಿ ಎಲ್ಲ ನಿಂತಿವೆ. ಗೆರೆ ಅಳಿಸಿದರೆ ಪವರ್‌ಲೂಮ್ ಸೀರೆಯೂ ಕೈಮಗ್ಗದ ಬೆಲೆಗೆ ಮಾರಾಟ ಆಗುತ್ತೆ. ಆದರೆ ಅದು ಮಾಡಲಾಗದ ಕೆಲಸವನ್ನು ಅದರಿಂದ ನಿರೀಕ್ಷೆ ಮಾಡಬಾರದು. ಯಾವ ಬಟ್ಟೆ ಎಲ್ಲಿ ನೇಯಬೇಕು ಅಂತ ಅದು ಹೇಳುತ್ತೆ. ನೇಯ್ದವನಿಗೆ ಎಷ್ಟು ಕೂಲಿ ಸಿಗಬೇಕು ಅಂತ ಅದರಲ್ಲಿ ಒಂದು ಸಾಲೂ ಇಲ್ಲ.

ಕೈಮಗ್ಗ ಖಾಲಿ ಆಗುತ್ತಿರುವುದಕ್ಕೆ ಮುಖ್ಯ ಕಾರಣ ಆ ಕೂಲಿ. 2009-10ರ ಕೈಮಗ್ಗ ಗಣತಿಯಲ್ಲಿ ದೇಶದಲ್ಲಿ 43.31 ಲಕ್ಷ ಜನ ಈ ಕಸುಬಿನಲ್ಲಿದ್ದರು. 2019-20ರ ಗಣತಿಯಲ್ಲಿ 35.22 ಲಕ್ಷ. ಮೂರು ಮನೆಯಲ್ಲಿ ಎರಡು ಮನೆಯ ಆದಾಯ ತಿಂಗಳಿಗೆ 5,000 ರೂಪಾಯಿಗಿಂತ ಕಡಿಮೆ. ನಿಮ್ಮ ಚಿಕ್ಕಪ್ಪ ಮಗ್ಗ ಬಿಟ್ಟಿದ್ದು ಯಾಕೆ ಅಂತ ಕೇಳಿ ನೋಡಿ. ಪವರ್‌ಲೂಮ್ ಬಂದು ಕುತ್ತಿಗೆ ಹಿಡಿದು ದಬ್ಬಿತು ಅಂತ ಹೇಳಲಿಕ್ಕಿಲ್ಲ. ಗ್ರಾನೈಟ್ ಕೆಲಸಕ್ಕೋ, ಗಿಣಿಗೇರಿ ಕಡೆಯ ಕಾರ್ಖಾನೆಗೋ, ಬೆಂಗಳೂರಿಗೋ ಹೋದರೆ ದಿನದ ಕೂಲಿ ಜಾಸ್ತಿ ಸಿಗುತ್ತೆ ಅಂತ ಹೇಳಿಯಾರು.

ನೂಲಿನ ಕಥೆಯೂ ಇದರಲ್ಲಿ ಸೇರಿದೆ. ಕೈಮಗ್ಗಕ್ಕೆ ಲಡಿ (ಸಡಿಲ ಸುರುಳಿಯ) ನೂಲು ಬೇಕು, ಪವರ್‌ಲೂಮಿಗೆ ಕೋನಿಗೆ ಸುತ್ತಿದ ನೂಲು. ನೂಲಿನ ಗಿರಣಿಗಳು ಒಳನಾಡಿಗೆ ಮಾರುವ ನೂಲಿನಲ್ಲಿ ಇಂತಿಷ್ಟು ಪಾಲು ಲಡಿಯಲ್ಲೇ ಕೊಡಬೇಕು ಅಂತ ಒಂದು ನಿಯಮ ಇದೆ. ಮೊದಲು ಅರ್ಧ ಪಾಲು ಇತ್ತು. 2003ರಲ್ಲಿ ನೂರಕ್ಕೆ 40 ಆಯಿತು, 2019ರಲ್ಲಿ 30ಕ್ಕೆ ಇಳಿಯಿತು. ಪತ್ರಿಕೆಯಲ್ಲಿ ಮೀಸಲಾತಿ ಕಾಯ್ದೆಯದ್ದೇ ಗದ್ದಲ. ನೇಕಾರನ ಕೈಗೆ ನೂಲು ಯಾವ ರೇಟಿಗೆ ಸಿಗುತ್ತೆ ಅಂತ ತೀರ್ಮಾನಿಸುವ ಈ ನಿಯಮದ ಬಗ್ಗೆ ಒಂದು ಸಾಲೂ ಇರುವುದಿಲ್ಲ.

ಇಷ್ಟು ಹೇಳಿದ ಮೇಲೆ ನಿಮ್ಮ ಮನೆಯ ದಾರಿ ನೋಡೋಣ.

ಅಣ್ಣನ ಯೋಜನೆಯಲ್ಲಿ ನನಗೆ ಹಿಡಿಸದ್ದು ಪವರ್‌ಲೂಮ್ ಅಲ್ಲ, 'ಎರಡೂ ಮಗ್ಗ ಕಿತ್ತು' ಅನ್ನುವ ಮಾತು. ಕೈಮಗ್ಗ ಕಿತ್ತ ದಿನ ಅಪ್ಪ ಕೈಮಗ್ಗ ನೇಕಾರರ ಪಟ್ಟಿಯಿಂದ ಹೊರಗೆ ಬೀಳುತ್ತಾರೆ. ಗಣತಿಯ ಗುರುತಿನ ಚೀಟಿ, ಅದರ ಮೇಲೆ ಸಿಗುವ ನೇಕಾರ ಸಮ್ಮಾನ್ ಹಣ, ನೇಕಾರರ ಮುದ್ರಾ ಯೋಜನೆಯಲ್ಲಿ ಸಿಗುವ ನೂರಕ್ಕೆ 6ರ ಬಡ್ಡಿಯ ಸಾಲ, ಮಗ್ಗ ಮತ್ತು ಜಕಾರ್ಡ್‌ಗೆ ಕೇಂದ್ರದಿಂದ ಸಿಗುವ ನೂರಕ್ಕೆ 90ರ ನೆರವು, ಇವೆಲ್ಲ ನೇಯುವ ಕೈಮಗ್ಗ ಮನೆಯಲ್ಲಿದ್ದರೆ ಮಾತ್ರ. ಪವರ್‌ಲೂಮಿನವರಿಗೂ ರಾಜ್ಯದಲ್ಲಿ ಬೇರೆ ಯೋಜನೆಗಳಿವೆ, ಆದರೆ ಲೆಕ್ಕ ಹೊಸದಾಗಿ ಶುರು ಮಾಡಬೇಕು. ಹಳೇ ಕುಣಿಮಗ್ಗ ಮಾರಿದರೆ ಬರುವುದು ಕಟ್ಟಿಗೆಯ ದುಡ್ಡು. ಅಷ್ಟಕ್ಕೆ ಇದನ್ನೆಲ್ಲ ಬಿಡುವುದು ಜಾಣತನ ಅಲ್ಲ.

ಪವರ್‌ಲೂಮ್ ಹಾಕಿ ಅದರಲ್ಲಿ ಹತ್ತಿ-ರೇಷ್ಮೆಯ ಇಳಕಲ್ ಸೀರೆಯನ್ನೇ ನೇಯುವುದು ಎಲ್ಲಕ್ಕಿಂತ ಅಪಾಯದ ದಾರಿ. ಕೇಸಿನ ಭಯ ಒಂದು ಕಡೆ. ಇಳಕಲ್ ಸೀರೆಗೆ ಜಿಐ (ಭೌಗೋಳಿಕ ಗುರುತು) ಇದೆ, ಕೈಮಗ್ಗದ್ದು ಅಂತ ಹೇಳಿ ಮಾರಿದರೆ ಕೊಂಡವರೂ ತಿರುಗಿ ಬೀಳಬಹುದು. ಅದಕ್ಕಿಂತ ದೊಡ್ಡ ಅಪಾಯ ವ್ಯಾಪಾರದ್ದು. ಪವರ್‌ಲೂಮ್ ನಿಮಿಷಕ್ಕೆ ನೂರಕ್ಕೂ ಹೆಚ್ಚು ಹೊಕ್ಕು ಬಡಿಯುತ್ತೆ, ಒಬ್ಬನೇ ಎರಡು ಮೂರು ಮಗ್ಗ ನೋಡಿಕೊಳ್ಳುತ್ತಾನೆ. ಸೀರೆ ಬೇಗ ಆಗುತ್ತೆ, ಸೀರೆಗೆ ಸಿಗುವ ಕೂಲಿಯೂ ಅಷ್ಟೇ ಬೇಗ ಇಳಿಯುತ್ತೆ. 24 ಮಗ್ಗ ಇಟ್ಟವನ ಜೊತೆ 2 ಮಗ್ಗದವನು ರೇಟಿನಲ್ಲಿ ಸೆಣಸಲಾರ. ಎರಡು ಹಳೇ ಮಗ್ಗ ತಂದು ಸಾವ್ಕಾರರ ಕೂಲಿಗೆ ನೇಯ್ದವರು ಕೊನೆಗೆ ಕೈಮಗ್ಗದಲ್ಲಿದ್ದ ಆದಾಯಕ್ಕೇ ಬಂದು ನಿಂತಿದ್ದನ್ನು ನಾನು ಬಹಳ ಕಡೆ ನೋಡಿದ್ದೇನೆ. ಜೊತೆಗೆ ಯಂತ್ರದ ಸಾಲ, ಬಿಡಿಭಾಗದ ಖರ್ಚು, ಮತ್ತೆ ಆ ಸದ್ದು. ಕುಣಿಮಗ್ಗದ ಸದ್ದಿಗೆ ಮಗು ಮಲಗುತ್ತೆ, ಪವರ್‌ಲೂಮಿನ ಸದ್ದಿಗೆ ಹತ್ತಾರು ವರ್ಷದಲ್ಲಿ ಕಿವಿಯೇ ಮಂದ ಆಗುತ್ತೆ. ವಾಸದ ಮನೆಯೊಳಗೆ ಹಾಕಲೇಬೇಡಿ.

ಪವರ್‌ಲೂಮ್ ಹಾಕಿ ಮೀಸಲು ಅಲ್ಲದ ಬಟ್ಟೆ ನೇಯುವುದು ಕಾನೂನಿನ ಒಳಗಿನ ದಾರಿ. ಅಣ್ಣನಿಗೆ ಅದರಲ್ಲೇ ಮನಸ್ಸಿದ್ದರೆ ತಡೆಯಬೇಡಿ. ಖಾಲಿ ಬಿದ್ದ ಮಗ್ಗದ ಜಾಗವೂ ಬೇಡ, ಬೇರೆ ಕಡೆ ಶೆಡ್ ನೋಡಿ ಒಂದರಿಂದ ಶುರು ಮಾಡಲಿ. ಆದರೆ ಮಗ್ಗಕ್ಕಿಂತ ಮೊದಲು ಬಟ್ಟೆ ಕೊಳ್ಳುವವರನ್ನು ಹುಡುಕಬೇಕು. ಯಾವ ಬಟ್ಟೆ, ಮೀಟರಿಗೆ ಎಷ್ಟು ಕೂಲಿ, ಕೆಲಸ ಇಲ್ಲದ ತಿಂಗಳಲ್ಲಿ ಏನು ಅಂತ ಮಾತಾಡಿ, ಸಾಧ್ಯವಾದರೆ ಬರೆಸಿಕೊಳ್ಳಬೇಕು. ನೀವು ಲೆಕ್ಕ ಕಲಿತವರು, ಅವನ ಪರವಾಗಿ ಒಂದು ಹಾಳೆ ಹಾಕಿ. ತಿಂಗಳಿಗೆ ಬರುವ ಕೂಲಿಯಲ್ಲಿ ಕರೆಂಟ್, ಲಾಳಿ-ಪಿಕ್ಕರ್-ಪಟ್ಟಿ ಖರ್ಚು, ಕಂಡಿಕೆ ಕೂಲಿ, ಸಾಲದ ಕಂತು ಕಳೆಯಿರಿ. ಶ್ರಾವಣದಿಂದ ಮದುವೆ ಸೀಸನ್‌ವರೆಗಿನ ಆರ್ಡರ್ ನೋಡಿ ಲೆಕ್ಕ ಹಾಕಬೇಡಿ, ಖಾಲಿ ಇರುವ ತಿಂಗಳನ್ನು ಹಿಡಿದು ಹಾಕಿ. ಉಚಿತ ಕರೆಂಟ್ ಇದೆಯಲ್ವಾ ಅಂತ ಆ ಸಾಲಿನಲ್ಲಿ ಸೊನ್ನೆ ಬರೆಯಬೇಡಿ. ಕರೆಂಟ್ ಕಂಪನಿ ಜೆಸ್ಕಾಂನಲ್ಲಿ ಯಾವ ಬಗೆಯ ಸಂಪರ್ಕ ಕೊಡುತ್ತಾರೆ, ಯೂನಿಟ್ ಮಿತಿ ಎಷ್ಟು ಅಂತ ಕೇಳಿ ಬರೆಯಿರಿ.

ಕೈಮಗ್ಗವನ್ನು ಹಾಗೇ ಇಟ್ಟುಕೊಂಡರೆ ಸಾಕಾ? ಈಗಿನ ಥರ ಸಾವ್ಕಾರರ ಕೂಲಿ ಸೀರೆಯನ್ನೇ ನೇಯುತ್ತಿದ್ದರೆ ಸಾಲದು. ಪವರ್‌ಲೂಮ್ ನಕಲು ಮಾಡಬಲ್ಲ ಸೀರೆಯನ್ನು ಕೈಮಗ್ಗದಲ್ಲಿ ನೇಯುವವರೆಗೆ ರೇಟ್ ಪವರ್‌ಲೂಮಿನದ್ದೇ ಸಿಗುತ್ತೆ. ನಿಮ್ಮ ಮನೆಯಲ್ಲಿ ಯಂತ್ರಕ್ಕೆ ಬಾರದ ಒಂದು ಕೆಲಸ ಇದೆ. ಅವ್ವ ಹಾಕುವ ಕೊಂಡಿ. ಒಡಲಿನ ಹಾಸಿನ ಜೊತೆ ಸೆರಗಿನ ರೇಷ್ಮೆ ಹಾಸನ್ನು ಎಳೆ ಎಳೆಯಾಗಿ ಕುಣಿಕೆ ಹಾಕಿ ಸೇರಿಸುವುದು ಕೈಯಲ್ಲೇ ಆಗಬೇಕು. ಟೋಪ ತೆನಿ ಅನ್ನುವ ಇಳಕಲ್ ಮಾದರಿಯ ಸೆರಗಿನ ಒಳ್ಳೇ ಸೀರೆ ಕೊಳ್ಳುವವರು ಸೆರಗು ತಿರುವಿ ಮೊದಲು ಕೊಂಡಿಯನ್ನೇ ನೋಡುತ್ತಾರೆ. ಇಡೀ ಮನೆಯಲ್ಲಿ ಹೆಚ್ಚು ಬೆಲೆ ತರಬಲ್ಲ ಕೆಲಸ ಅದು, ಲೆಕ್ಕದಲ್ಲಿ ಅದಕ್ಕೆ ಕೂಲಿಯೇ ಇಲ್ಲ. ಗಣತಿಯ ಪ್ರಕಾರ ಕೈಮಗ್ಗದವರಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಜನ ಹೆಂಗಸರು. ಗುರುತಿನ ಚೀಟಿ ಅಪ್ಪನ ಹೆಸರಿನಲ್ಲಿ ಮಾತ್ರ ಇದ್ದರೆ ಅವ್ವನ ಹೆಸರಿಗೂ ಕೇಳಿ.

ನನ್ನ ಸಲಹೆ: ಅಪ್ಪನ ಮಗ್ಗ ಹಾಗೇ ಇರಲಿ. ಖಾಲಿ ಮಗ್ಗದ ಮೇಲೆ ಸಾವ್ಕಾರರದ್ದಲ್ಲದ, ನಿಮ್ಮದೇ ನೂಲಿನ ಕೆಲವೇ ಸೀರೆ ನೇಯಿಸಿ. ಕೈಮಗ್ಗದ ಮುದ್ರೆಗೆ ಅರ್ಜಿ ಹಾಕಿ. 2006ರಿಂದ ಇದೆ, ಜವಳಿ ಸಮಿತಿಯವರು ಕೊಡುತ್ತಾರೆ. ಕೊಪ್ಪಳ, ಹೊಸಪೇಟೆ, ಹುಬ್ಬಳ್ಳಿಯ ನಾಲ್ಕಾರು ಮನೆಗೆ, ಟೀಚರುಗಳಿಗೆ, ಬ್ಯಾಂಕಿನವರಿಗೆ ನೇರವಾಗಿ ಮಾರಿ ನೋಡಿ. ಇದರಲ್ಲೂ ಅಪಾಯ ಇದೆ. ನೂಲಿಗೆ ನಿಮ್ಮ ದುಡ್ಡು ಮೊದಲೇ ಹೋಗುತ್ತೆ. ಸೀರೆ ಮಾರಾಟ ಆಗದೆ ಪೆಟ್ಟಿಗೆಯಲ್ಲಿ ಕೂರಬಹುದು. ನೀವು ಹೊರಗೆ ಮಾರುವುದು ಗೊತ್ತಾದರೆ ಸಾವ್ಕಾರರು ಅಪ್ಪನ ಕೆಲಸ ಕಡಿಮೆ ಮಾಡಬಹುದು, ಹಳೇ ಮುಂಗಡ ವಾಪಸ್ ಕೇಳಬಹುದು. ಆ ಬಾಕಿ ಎಷ್ಟಿದೆ ಅಂತ ಮೊದಲು ತಿಳಿದುಕೊಳ್ಳಿ. ಅದು ದೊಡ್ಡದಿದ್ದರೆ ಮೊದಲ ವರ್ಷ ಅದನ್ನು ತೀರಿಸುವುದೇ ಕೆಲಸ.

ಅಣ್ಣ ಹಳೇ ಮಗ್ಗಕ್ಕೆ ಮುಂಗಡ ಕೊಡುವ ಮುಂಚೆ ಇನ್ನೊಂದು ಮಾಡಿ. ಅವನು ನೇಯಬೇಕು ಅಂದುಕೊಂಡಿರುವ ಬಟ್ಟೆಯ ಒಂದು ತುಂಡು ತಗೊಂಡು ಕೊಪ್ಪಳದ ಕೈಮಗ್ಗ ಮತ್ತು ಜವಳಿ ಇಲಾಖೆ ಕಚೇರಿಗೆ ಹೋಗಿ. ಈ ನೂಲು, ಈ ಅಂಚು, ಈ ಡಿಸೈನ್ ಮೀಸಲು ಪಟ್ಟಿಗೆ ಬರುತ್ತಾ ಅಂತ ಅರ್ಜಿ ಬರೆದು ಕೊಡಿ. ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. 'ಏನೂ ಆಗಲ್ಲ, ಹಾಕ್ರಿ' ಅಂತ ಬಾಯಿಮಾತಿನಲ್ಲಿ ಹೇಳಿದರೆ ಸುಮ್ನೆ ವಾಪಸ್ ಬರಬೇಡಿ, ನಾಳೆ ಹೇಳಿದವರು ವರ್ಗ ಆಗಿರುತ್ತಾರೆ. ಬರಹದ ಉತ್ತರ ಬಾರದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ, ಮೀಸಲಾತಿ ಆದೇಶದ ಸೀರೆಯ ಭಾಗದ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. 30 ದಿನದೊಳಗೆ ಕೊಡಬೇಕು. ಅಲ್ಲಿಯವರೆಗೆ ಬನಹಟ್ಟಿಯವರಿಗೆ ದುಡ್ಡು ಕೊಡಬೇಡಿ.